ಮಿಲ್ಟ್ರಿ ನರಸಯ್ಯನ ಗಾಲ್ಫ್ ಮೈದಾನ

ಚಿಕ್ಕನರಸಯ್ಯ ಸೈನ್ಯದಿಂದ ನಿವೃತ್ತನಾಗಿ ಊರಿಗೆ ಬಂದಾಗ ಅವನ ಟ್ರಂಕಿನ ಜೊತೆ ಒಂದು ಉದ್ದನೆಯ ಕ್ಯಾನ್ವಾಸ್ ಚೀಲವೂ ಬಸ್ಸಿನಿಂದ ಇಳಿಯಿತು. ಕಂಡಕ್ಟರು ಅದರೊಳಗೆ ಬಂದೂಕಿದೆ ಎಂದುಕೊಂಡು ಹುಷಾರಾಗಿ ಇಳಿಸಿದ. ಊರಾಚೆಗಿನ ಅವನ ಕಾಲೋನಿಯವರೂ ಬಹಳ ದಿನ ಹಾಗೆಯೇ ನಂಬಿದ್ದರು. ಒಂದು ದಿನ ಅವನು ಅದನ್ನು ಅಂಗಳದಲ್ಲಿ ಬಿಚ್ಚಿ ಒರೆಸಲು ಕೂತಾಗ ಒಳಗಿದ್ದದ್ದು ಗಾಲ್ಫ್ ಆಡುವ ಕೋಲುಗಳು ಎಂದು ಗೊತ್ತಾಯಿತು. ನೋಡಲು ಬಂದವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ಸರ್ವಿಸಿನ ಕೊನೆಯ ವರ್ಷಗಳಲ್ಲಿ ಅವನನ್ನು ಉತ್ತರದ ಒಂದು ದಂಡಿನ ಊರಿನಲ್ಲಿ ಅಧಿಕಾರಿಗಳ ಗಾಲ್ಫ್ ಮೈದಾನದ ಉಸ್ತುವಾರಿಗೆ ಹಾಕಿದ್ದರು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಬಾವುಟ ನೆಡುವುದು ಅವನ ಕೆಲಸ. ಬೆಳಗಿನ ಜಾವ ಯಾರೂ ಬರುವುದಕ್ಕೆ ಮೊದಲು ತಾನೇ ಆಡಿ ಆಡಿ ಕಲಿತಿದ್ದ. ವರ್ಗವಾಗಿ ಹೋಗುವಾಗ ಒಬ್ಬ ಕರ್ನಲ್ ತಮ್ಮ ಹಳೆಯ ಕೋಲುಗಳನ್ನು ಅವನಿಗೇ ಬಿಟ್ಟು ಹೋಗಿದ್ದರು.

ಬುಕ್ಕಾಪಟ್ಟಣದಿಂದ ಆಚೆ, ಗುಡ್ಡದ ಬುಡದಲ್ಲಿ, ಅವನಪ್ಪನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕಿದ್ದ ಜಮೀನಿತ್ತು. ನೇಗಿಲು ಹಾಕಿದರೆ ಮಣ್ಣಿಗಿಂತ ಬೆಣಚು ಕಲ್ಲೇ ಮೇಲೆ ಬರುವಂಥ ನೆಲ. ಅಪ್ಪ ಬದುಕಿರುವ ತನಕ ಅಲ್ಲಿ ಹುರುಳಿ ಚೆಲ್ಲುತ್ತಿದ್ದ. ಮಗನಿಗೆ ಪಿಂಚಣಿ ಬರುತ್ತಿತ್ತು, ಹೆಂಡತಿ ಮಂಜಮ್ಮ ಅಂಗನವಾಡಿ ಕಾರ್ಯಕರ್ತೆ. ಹುರುಳಿ ಬಿತ್ತುವ ತೊಂದರೆ ತೆಗೆದುಕೊಳ್ಳದೆ ಅವನು ಅಲ್ಲಿ ಗಾಲ್ಫ್ ಮೈದಾನ ಮಾಡಲು ಹೊರಟ. ತನ್ನ ಜಮೀನು ಸಾಲದೆ ಪಕ್ಕದ ಗೋಮಾಳಕ್ಕೂ, ಬಂಡೆಗಳ ಬುಡಕ್ಕೂ ಆಟವನ್ನು ಹಬ್ಬಿಸಿಕೊಂಡ.

ಹುಲ್ಲಿನ ಮಾತೇ ಇರಲಿಲ್ಲ. ಚೆಂಡು ಬೀಳಿಸುವ ಕುಳಿಯ ಸುತ್ತ ಹಸಿರು ಹಾಸು ಇರಬೇಕಾದ ಕಡೆ ಅವನು ಹಳ್ಳದ ಮರಳಿಗೆ ಗ್ಯಾರೇಜಿನ ಸುಟ್ಟ ಎಣ್ಣೆ ಕಲಸಿ, ತಟ್ಟಿ, ಕಣದ ಹಾಗೆ ಗುಂಡಗೆ ಮಾಡಿದ. ಗಾಳಿಗೆ ಮರಳು ಹಾರದಿರಲಿ ಎಂದು ಎಣ್ಣೆ. ಆಡಿದ ಮೇಲೆ ಒದ್ದೆ ಗೋಣಿಚೀಲ ಎಳೆದರೆ ಹೆಜ್ಜೆಗುರುತು ಅಳಿಸಿ ಮತ್ತೆ ನುಣ್ಣಗಾಗುತ್ತಿತ್ತು. ಬಾವುಟಕ್ಕೆ ಮಂಜಮ್ಮನ ಹಳೆಯ ರವಿಕೆ ಬಟ್ಟೆ. ಬಿಳಿ ಚೆಂಡು ಬೆಣಚು ಕಲ್ಲುಗಳ ನಡುವೆ ಬಿದ್ದರೆ ದೇವರೇ ಬಂದರೂ ಸಿಗುತ್ತಿರಲಿಲ್ಲವಾದ್ದರಿಂದ ಚೆಂಡುಗಳಿಗೆಲ್ಲ ಕೇಸರಿ ಪೇಂಟು ಬಳಿದ. ಬೇಸಿಗೆಯಲ್ಲಿ ಬಂಡೆಗೆ ತಾಗಿದ ಚೆಂಡು ಎತ್ತ ಹಾರುತ್ತದೆಂದು ಹೇಳುವಂತಿರಲಿಲ್ಲ. ಹತ್ತು ಗಂಟೆಯ ಮೇಲೆ ಕೋಲಿನ ಕಬ್ಬಿಣ ಕೈಗೆ ಚುರುಕ್ ಅನ್ನುತ್ತಿತ್ತು. ಹಾಗಾಗಿ ಆಟ ಬೆಳಗ್ಗೆ ಬೇಗ, ಇಲ್ಲವೇ ಬಿಸಿಲು ಇಳಿದ ಮೇಲೆ. ಶಿರಾದ ಬ್ಯಾಂಕಿನ ರಂಗೇಶ್ ಎಂಬವರು ಯಾರಿಂದಲೋ ಕೇಳಿ ಒಂದೆರಡು ಭಾನುವಾರ ಬಂದರು. ಬೂಟಿನ ಅಟ್ಟೆಯಲ್ಲಿ ಮುಳ್ಳು ತುಂಬಿಕೊಂಡು ಹೋದವರು ಮತ್ತೆ ಬರಲಿಲ್ಲ.

ಕಾಯಂ ಆಗಿ ಜೊತೆಯಾದವನು ಮೂಡಲಗಿರಿಯಪ್ಪ. ಗೋಮಾಳದ ಆ ಕಡೆಯ ಗೊಲ್ಲರಹಟ್ಟಿಯವನು, ಕುರಿ ಸಾಕಿಕೊಂಡಿದ್ದ. ಮೊದಲ ಸಲ ಅವನು ಬಂದದ್ದು ಜಗಳಕ್ಕೆ. ಚೆಂಡೊಂದು ಅವನ ಮಂದೆಯ ನಡುವೆ ಬಿದ್ದು ಕುರಿಗಳು ಬೆದರಿ ಚೆದುರಿದ್ದವು. ಕುರಿಯ ಕಣ್ಣು ಹೋದರೆ ಯಾರು ಹೊಣೆ ಎಂದು ಕೇಳಿದ. ಚಿಕ್ಕನರಸಯ್ಯ ತಪ್ಪಾಯಿತೆಂದು ಹೇಳಿ, ಇನ್ನು ಮೇಲೆ ಮಂದೆ ದಾಟುವ ತನಕ ಚೆಂಡು ಹೊಡೆಯುವುದಿಲ್ಲ ಎಂದು ಮಾತು ಕೊಟ್ಟ. ಆ ಮಾತಿಗೆ ನಡೆದುಕೊಂಡ ಕೂಡ. ಮೂಡಲಗಿರಿಯಪ್ಪ ಕೆಲವು ದಿನ ದೂರದಲ್ಲಿ ಕೋಲಿಗೆ ಗಲ್ಲ ಊರಿ ನಿಂತು ನೋಡಿದ. ಆಮೇಲೆ ಹತ್ತಿರ ಬಂದು ತನಗೊಂದು ಹೊಡೆತ ಕೊಡು ಎಂದ. ಕೊಡಲಿ ಬೀಸಿದಂತೆ ಬೀಸಿ ನೆಲಕ್ಕೆ ಹೊಡೆದ. ಕಲ್ಲು ಹಾರಿತು, ಚೆಂಡು ಅಲ್ಲೇ ಇತ್ತು. ಮಾರನೆಯ ದಿನವೂ ಬಂದ. ವರ್ಷ ಕಳೆಯುವಷ್ಟರಲ್ಲಿ ಕುರಿ ಮೇಯಿಸುವುದೂ ಗಾಲ್ಫ್ ಆಡುವುದೂ ಅವನಿಗೆ ಒಂದೇ ಕೆಲಸವಾಗಿತ್ತು. ಅವನು ಅದನ್ನು ಗಾಲ್ಪು ಎನ್ನುತ್ತಿದ್ದ.

ಇಬ್ಬರೂ ಐವತ್ತು ದಾಟಿದವರು. ಮೂಡಲಗಿರಿಯಪ್ಪ ಚಿಕ್ಕನರಸಯ್ಯನನ್ನು ಊರವರಂತೆ ‘ಮಿಲ್ಟ್ರಿ’ ಎಂದು ಕರೆಯುತ್ತಿದ್ದ, ಇವನು ಅವನನ್ನು ಗಿರಿಯಪ್ಪ ಎನ್ನುತ್ತಿದ್ದ. ಆಟದಲ್ಲಿ ಜಗಳವಾಡುತ್ತಿದ್ದರು, ಗೊರಸಿನ ಗುಂಡಿಯಲ್ಲಿ ಬಿದ್ದ ಚೆಂಡನ್ನು ಎತ್ತಿಡಬಹುದೋ ಇಲ್ಲವೋ ಎಂದು ವಾದ ಹೂಡುತ್ತಿದ್ದರು. ಮಕ್ಕಳು, ಮೊಣಕಾಲು ನೋವು, ಕುರಿಯ ಕಾಲುಬಾಯಿ ರೋಗ ಎಲ್ಲ ಮಾತಾಡುತ್ತಿದ್ದರು. ಒಂದು ವಿಷಯ ಮಾತ್ರ ಇಬ್ಬರ ಬಾಯಿಗೂ ಬಂದಿರಲಿಲ್ಲ. ಕಾಲೋನಿಯವರು ಹಟ್ಟಿಯ ಒಳಗೆ ಕಾಲಿಡುತ್ತಿರಲಿಲ್ಲ. ಹಟ್ಟಿಯ ಸುತ್ತ ಜಾಲಿಮುಳ್ಳಿನ ಬೇಲಿ, ಬಾಗಿಲಿಗೆ ಎರಡು ಕಲ್ಲುಕಂಬ. ಚಿಕ್ಕನರಸಯ್ಯ ಆಟಕ್ಕೆ ಕರೆಯಲು ಬಂದರೆ ಹೊರಗಿನ ಹೊಂಗೆ ಮರದಡಿ ನಿಂತು ಶಿಳ್ಳೆ ಹಾಕುತ್ತಿದ್ದ. ಮೂಡಲಗಿರಿಯಪ್ಪ ಹೊರಗೆ ಬರುತ್ತಿದ್ದ. ಇಬ್ಬರೂ ಅವರವರ ಬಾಟಲಿಯ ನೀರು ಕುಡಿಯುತ್ತಿದ್ದರು.

ಕರಡಿ ಚಿಕ್ಕನರಸಯ್ಯನ ಮೇಲೆ ಬಿದ್ದದ್ದು ಯುಗಾದಿ ಕಳೆದ ನಂತರ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಗುಡ್ಡದ ಬುಡದ ಕುಳಿಗೆ ಆಡುವಾಗ ಚಿಕ್ಕನರಸಯ್ಯನ ಚೆಂಡು ಬಂಡೆಗೆ ತಾಗಿ ಬಲಕ್ಕೆ ಹಾರಿ ಲಂಟಾನದ ಪೊದೆಗೆ ಹೋಯಿತು. ಆ ಗುಡ್ಡದಲ್ಲಿ ಕರಡಿ ಇದೆಯೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಅಷ್ಟು ಬೆಳಕಿರುವಾಗ ಅದು ಇಳಿಯುತ್ತಿರಲಿಲ್ಲ. ಮೂಡಲಗಿರಿಯಪ್ಪ ಬಾವುಟದ ಹತ್ತಿರ ಕೂತು ಬೀಡಿ ಹಚ್ಚಿದ. ಚಿಕ್ಕನರಸಯ್ಯ ಬಗ್ಗಿ ಕೋಲಿನಿಂದ ಪೊದೆಯೊಳಗಿನ ಚೆಂಡನ್ನು ಎಳೆದುಕೊಳ್ಳುತ್ತಿದ್ದ. ಪೊದೆಯ ಹಿಂದೆ ತಾಯಿ ಕರಡಿಯೊಂದು ಹುತ್ತ ಅಗೆಯುತ್ತಿತ್ತು, ಜೊತೆಗೆ ಮರಿಯೂ ಇತ್ತು.

ಮೂಡಲಗಿರಿಯಪ್ಪನಿಗೆ ಮೊದಲು ಕೇಳಿಸಿದ್ದು ಕರಡಿಯ ಸದ್ದು, ಆಮೇಲೆ ಗೆಳೆಯನದು. ಅವನು ತೋಳ ಓಡಿಸುವಾಗ ಕೂಗುವ ಕೂಗು ಹಾಕುತ್ತ ಓಡಿದ. ಕೈಯಲ್ಲಿದ್ದ ಕಬ್ಬಿಣದ ಕೋಲನ್ನು ಬಂಡೆಗೆ ಬಡಿದ, ಮತ್ತೆ ಮತ್ತೆ ಬಡಿದ. ಕೋಲು ಬಾಗಿತು. ಕರಡಿ ಚಿಕ್ಕನರಸಯ್ಯನನ್ನು ಬಿಟ್ಟು ಎದ್ದು ನಿಂತು ಇವನನ್ನು ನೋಡಿತು. ತಿರುಗಿ ಮರಿಯ ಹಿಂದೆ ಬಂಡೆಗಳೊಳಗೆ ಹೋಯಿತು. ಆಮೇಲೆ ಜನ ನಿನಗೆ ಹೆದರಿಕೆ ಆಗಲಿಲ್ಲವಾ ಎಂದು ಕೇಳಿದಾಗಲೆಲ್ಲ ಅವನು, ಆಗಿತ್ತು, ಪಂಚೆ ಒದ್ದೆಯಾಗಿತ್ತು ಎಂದು ಇದ್ದದ್ದನ್ನೇ ಹೇಳುತ್ತಿದ್ದ.

ಚಿಕ್ಕನರಸಯ್ಯನ ನೆತ್ತಿಯ ಚರ್ಮ ಹರಿದು ಕಿವಿಯ ಮೇಲೆ ಜೋತಿತ್ತು. ಎಡಗೈ ಮೊಣಕೈಯ ಕೆಳಗೆ ಜಜ್ಜಿ ಹೋಗಿತ್ತು. ಮೂಡಲಗಿರಿಯಪ್ಪ ತಲೆಗೆ ಟವೆಲು ಬಿಗಿದ. ಫೋನಿಗೆ ಸಿಗ್ನಲ್ ಇರಲಿಲ್ಲ. ಕರಡಿ ಮತ್ತೆ ಬರುವ ಭಯಕ್ಕೆ ಅವನನ್ನು ಅಲ್ಲೇ ಬಿಟ್ಟು ಓಡುವಂತಿರಲಿಲ್ಲ. ಗೋಮಾಳದಾಚೆ ಹಟ್ಟಿ ಕಾಣುತ್ತಿತ್ತು. ತನ್ನ ಮಗ ಚಿಕ್ಕರಾಜು ಶಿರಾ ಸಂತೆಯಿಂದ ಪಿಕಪ್ ಗಾಡಿ ತಂದು ಅಲ್ಲಿ ನಿಲ್ಲಿಸಿದ್ದನ್ನು ಮಧ್ಯಾಹ್ನವೇ ನೋಡಿದ್ದ. ಗೆಳೆಯನ ಸರಿಯಿದ್ದ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆಸಿದ. ಅರ್ಧ ದಾರಿ ಚಿಕ್ಕನರಸಯ್ಯ ಕಾಲು ಹಾಕಿದ, ಉಳಿದರ್ಧ ಎಳೆದುಕೊಂಡೇ ಬಂದದ್ದು.

ಕಲ್ಲುಕಂಬದ ಹತ್ತಿರ ಬಂದಾಗ ಚಿಕ್ಕನರಸಯ್ಯ ನಿಂತ. ಕಣ್ಣಿಗೆ ರಕ್ತ ಇಳಿದು ಏನೂ ಕಾಣುತ್ತಿರಲಿಲ್ಲ. ಆದರೂ ಎಲ್ಲಿಗೆ ಬಂದಿದ್ದೇನೆಂದು ಅವನಿಗೆ ಗೊತ್ತಾಗಿತ್ತು. ಕೈಯಿಂದ ಕಂಬ ತಡವಿ ಹಿಡಿದುಕೊಂಡ.

“ಇಲ್ಲೇ ಕೂತ್ಕತೀನಿ ಗಿರಿಯಪ್ಪ. ಗಾಡಿ ಇಲ್ಲಿಗೇ ತರ್ಸು.”

ತರಿಸಬಹುದಿತ್ತು. ಒಂದು ಕೂಗು ಹಾಕಿದರೆ ಚಿಕ್ಕರಾಜು ಗಾಡಿಯನ್ನು ಬಾಗಿಲಿಗೇ ತರುತ್ತಿದ್ದ. ಮೂಡಲಗಿರಿಯಪ್ಪ ಆಮೇಲೆ ಈ ಕ್ಷಣವನ್ನು ಎಷ್ಟೋ ಸಲ ನೆನೆದ. ಸಾಯುವ ಹಾಗಿರುವ ಮನುಷ್ಯ ಬೇಲಿಯ ಹೊರಗೆ ತನ್ನ ಜಾಗ ತಾನೇ ಹುಡುಕಿಕೊಂಡು ಕೂರಲು ಹೊರಟಿದ್ದ.

“ಸುಮ್ನೆ ನಡಿಯೋ ಮಿಲ್ಟ್ರಿ” ಎಂದವನೇ ಅವನ ಕೈಯನ್ನು ಕಂಬದಿಂದ ಬಿಡಿಸಿ, ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡು ಒಳಗೆ ನಡೆದ. ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹಟ್ಟಿಯೊಳಗೆ ಯಾರೂ ನಡೆಯುತ್ತಿರಲಿಲ್ಲ. ಅವತ್ತು ಅವನ ಕಾಲಲ್ಲಿ ಚಪ್ಪಲಿಯೂ ಇತ್ತು, ಗೆಳೆಯನ ಕಾಲಲ್ಲಿ ಬೂಟೂ ಇತ್ತು.

ಮನೆಯ ಮುಂದಿನ ಮಂಚದ ಮೇಲೆ ಮಲಗಿಸಿದರು. ಮೂಡಲಗಿರಿಯಪ್ಪನ ಹೆಂಡತಿ ಜುಂಜಮ್ಮ ಏನು, ಎತ್ತ ಎಂದು ಕೇಳಲಿಲ್ಲ. ನೀರು ತಂದು ಕುಡಿಸಿ, ಸೀರೆ ಹರಿದು ತಲೆಗೂ ಕೈಗೂ ಬಿಗಿಯಾಗಿ ಕಟ್ಟಿದಳು. ಹಟ್ಟಿಯ ಜನ ದೂರ ನಿಂತು ನೋಡಿದರು. ಚಿಕ್ಕರಾಜು ಗಾಡಿ ತಿರುಗಿಸಿ ತಂದ. ಶಿರಾದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ತುಮಕೂರಿಗೆ ಕಳಿಸಿದರು. ಮಂಜಮ್ಮನನ್ನು ದಾರಿಯಲ್ಲಿ ಕಾಲೋನಿಯಿಂದ ಹತ್ತಿಸಿಕೊಂಡಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳೂ ಮೂಡಲಗಿರಿಯಪ್ಪನೂ ಒಂದೇ ಬೆಂಚಿನ ಮೇಲೆ ಕೂತು ಬೆಳಗು ಮಾಡಿದರು. ಜೀವಕ್ಕೆ ಅಪಾಯವಿಲ್ಲ, ಕೈ ಮಾತ್ರ ಪೂರ್ತಿ ಮಡಚಲು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು.

ಮೂಡಲಗಿರಿಯಪ್ಪ ಹಟ್ಟಿಗೆ ವಾಪಸಾದ ದಿನ ಅಡವಯ್ಯ ಮಾತಾಡಲು ಬಂದ. ಅಡವಯ್ಯ ಹಟ್ಟಿಗೆ ಹಿರಿಯ, ಮೂಡಲಗಿರಿಯಪ್ಪನಿಗೆ ವರಸೆಯಲ್ಲಿ ಅಣ್ಣ. ಕೆಟ್ಟ ಮನುಷ್ಯನಲ್ಲ. ಮಿಲ್ಟ್ರಿ ಹೇಗಿದ್ದಾನೆ ಎಂದು ಮೊದಲು ವಿಚಾರಿಸಿದ. ಜೀವ ಉಳಿಸಿದ್ದು ಒಳ್ಳೆಯದಾಯಿತು ಎಂದ. ಆಮೇಲೆ, ದೇವರಿರುವ ಹಟ್ಟಿ, ಒಂದು ಶುದ್ಧಿ ಮಾಡಿಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಒಂದು ತಂಬಿಗೆ ಗಂಜಲದ ಕೆಲಸ ಎಂದ.

ಮೂಡಲಗಿರಿಯಪ್ಪನಿಗೆ ನಿದ್ದೆಯಿರಲಿಲ್ಲ, ವಾದ ಮಾಡುವ ತ್ರಾಣವಿರಲಿಲ್ಲ. ಅದೊಂದು ಮುಗಿದರೆ ಮುಗಿಯಿತು ಎಂದುಕೊಂಡ. ತಾನೇ ತಂಬಿಗೆ ಹಿಡಿದು ಕಲ್ಲುಕಂಬದಿಂದ ತನ್ನ ಮಂಚದ ತನಕ ಗಂಜಲ ಚಿಮುಕಿಸಿದ. ಜುಂಜಮ್ಮ ಬೇಡ ಅಂದಳು. ಕೇಳದಿದ್ದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿಕ್ಕನರಸಯ್ಯನನ್ನು ಮನೆಗೆ ಕರೆತಂದ ಮೇಲೆ ಮೂಡಲಗಿರಿಯಪ್ಪ ನೋಡಲು ಹೋದ. ಹಾಲು, ಮೂಸಂಬಿ ತೆಗೆದುಕೊಂಡು ಹೋಗಿದ್ದ. ಕಾಲೋನಿಯ ಆ ಮನೆಗೆ ಅವನು ಹೋದದ್ದು ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಯೂನಿಫಾರ್ಮಿನ ಫೋಟೋ. ಮಂಜಮ್ಮ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅವನು ಕುಡಿದ. ಚೊಂಬು ಕೆಳಗಿಡುವ ತನಕ ಕಾದು ಅವಳು ಕೇಳಿದಳು.

“ಗಿರಿಯಪ್ಪಣ್ಣ, ನಿಮ್ಮ ಹಟ್ಟೀಲಿ ಗಂಜಲ ಹಾಕುದ್ರಂತೆ. ರಕ್ತ ಬಿದ್ದಿತ್ತು ಅಂತ ಹಾಕುದ್ರಾ, ನಾವು ಬಂದಿದ್ವಿ ಅಂತ ಹಾಕುದ್ರಾ?”

ಸುಳ್ಳು ಹೇಳಲು ದಾರಿಯಿತ್ತು, ಅವಳೇ ಅದನ್ನು ತೋರಿಸಿದ್ದಳು. ಅವನಿಗೆ ಹೇಳಲಾಗಲಿಲ್ಲ.

“ನೀವು ಬಂದಿದ್ರಿ ಅಂತ ಕಣಮ್ಮ” ಎಂದ. “ಹಾಕಿದೋನು ನಾನೇಯ” ಎಂದೂ ಹೇಳಿದ.

ಮಂಜಮ್ಮ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಮಂಚದ ಮೇಲಿದ್ದ ಚಿಕ್ಕನರಸಯ್ಯನ ತಲೆಯ ಬ್ಯಾಂಡೇಜಿನಿಂದ ಕಣ್ಣು ಅರ್ಧ ಮುಚ್ಚಿತ್ತು. ಅವನು ಸೂರು ನೋಡುತ್ತ, “ಗಾಯ ಮಾಗ್ಲಿ ಗಿರಿಯಪ್ಪ. ಆಮ್ಯಾಕೆ ನೋಡಾನ” ಎಂದು ಅಷ್ಟೇ ಹೇಳಿದ. ಮೂಡಲಗಿರಿಯಪ್ಪ ಎದ್ದು ಬಂದ.

ಗಾಯ ಮಾಗಿತು. ಚಿಕ್ಕನರಸಯ್ಯ ಬುಕ್ಕಾಪಟ್ಟಣಕ್ಕೆ ನಡೆದು ಹೋಗಿ ಬರುವುದನ್ನು ಜನ ನೋಡಿದರು. ಆದರೆ ಮೈದಾನದ ಕಡೆ ಅವನು ಬರಲಿಲ್ಲ. ಹೊಂಗೆ ಮರದಡಿ ಶಿಳ್ಳೆ ಕೇಳಲಿಲ್ಲ. ಮುಂಗಾರಿನ ಒಂದೆರಡು ಮಳೆ ಬಿದ್ದು ಮರಳಿನ ಹಾಸುಗಳಲ್ಲಿ ಗೆರೆ ಬಿದ್ದವು. ಮೂಡಲಗಿರಿಯಪ್ಪ ಕುರಿ ಬಿಟ್ಟುಕೊಂಡು ಅಲ್ಲಿಗೇ ಹೋಗುತ್ತಿದ್ದ. ಗೋಣಿಚೀಲ ಎಳೆಯುತ್ತಿದ್ದ, ಕುಳಿಯಲ್ಲಿ ಬೆಳೆದ ಗರಿಕೆ ಕೀಳುತ್ತಿದ್ದ. ಅವತ್ತು ಬಾಗಿದ ಕೋಲು ಅವನ ಹತ್ತಿರವೇ ಉಳಿದಿತ್ತು. ಅದರಲ್ಲಿ ಒಬ್ಬನೇ ಆಡಿ ನೋಡಿದ. ಎಷ್ಟು ಹೊಡೆತಕ್ಕೆ ಚೆಂಡು ಕುಳಿಗೆ ಹಾಕಿದೆ ಎಂದು ಹೇಳಿಕೊಳ್ಳಲು, ಸುಳ್ಳು ಎಂದು ಅನ್ನಿಸಿಕೊಳ್ಳಲು ಯಾರೂ ಇಲ್ಲದೆ ಆಟ ಸಪ್ಪೆಯಾಗಿತ್ತು.

ಮನೆಯಲ್ಲಿ ಅವನು ಊಟ ಕಡಿಮೆ ಮಾಡಿದ್ದನ್ನು ಜುಂಜಮ್ಮ ನೋಡುತ್ತಿದ್ದಳು. ಒಂದು ದಿನ ಮುದ್ದೆ ಬಡಿಸಿ, ಎದುರಿಗೆ ಕೂತು, ಹೋಗಿ ಅವರಿಬ್ಬರನ್ನೂ ಊಟಕ್ಕೆ ಕರಿ ಎಂದಳು. ಅವನು ಅಡವಯ್ಯನ ಹೆಸರೆತ್ತಿದ.

“ಅವತ್ತು ಮಿಲ್ಟ್ರಿ ರಕ್ತ ನನ್ನ ಕೈ ತುಂಬ ಇತ್ತು” ಎಂದಳು ಜುಂಜಮ್ಮ. “ನೀವು ಆಸ್ಪತ್ರೆಗೆ ಹೋದ್ಮೇಲೆ ಅದೇ ಕೈಯಾಗೆ ಮುದ್ದೆ ತಿರುವಿದೆ. ಅಡವಣ್ಣನ ಮನೇಲಿ ಒಲೆ ಹಚ್ಚಿರ್ಲಿಲ್ಲ, ಇಲ್ಲೇ ಬಂದು ಉಂಡೋದ. ಅವಾಗ ಯಾರ್ಗೂ ಏನೂ ಆಗ್ಲಿಲ್ಲ.”

ಮೂಡಲಗಿರಿಯಪ್ಪ ಆ ಸಂಜೆಯೇ ಅಡವಯ್ಯನ ಜಗಲಿಗೆ ಹೋದ. ಒಪ್ಪಿಗೆ ಕೇಳಲು ಹೋಗಿರಲಿಲ್ಲ, ಹೇಳಿ ಬರಲು ಹೋಗಿದ್ದ. ಅಲ್ಲಿ ಇನ್ನೂ ಕೆಲವರಿದ್ದರು. ಚಿಕ್ಕನರಸಯ್ಯನನ್ನೂ ಅವನ ಹೆಂಡತಿಯನ್ನೂ ಮನೆಗೆ ಊಟಕ್ಕೆ ಕರೆಯುತ್ತೇನೆ ಎಂದ. ಒಬ್ಬ ಎದ್ದು ಹೋದ. ಹಾಗಾದರೆ ಮತ್ತೆ ಶುದ್ಧಿ ಆಗಬೇಕಾಗುತ್ತದಲ್ಲ ಎಂದ ಅಡವಯ್ಯ.

“ಮಾಡೋರು ಮಾಡ್ಕಳಿ ಅಣ್ಣ. ನಾನು ತಂಬಿಗೆ ಹಿಡಿಯಾಕಿಲ್ಲ. ಒಂದ್ಸಲ ಹಿಡಿದಿದ್ದೇ ತಪ್ಪಾತು.”

ಅಡವಯ್ಯ ಬಹಳ ಹೊತ್ತು ಕಾಲು ನೀವಿಕೊಳ್ಳುತ್ತ ಕೂತಿದ್ದ. ಕೊನೆಗೆ, ಹಿರಿಯೂರಿನಲ್ಲಿರುವ ಮಗಳು ಬಾ ಬಾ ಎಂದು ಕರೆಯುತ್ತಿದ್ದಾಳೆ, ಯಾವತ್ತು ಊಟ ಎಂದು ಹೇಳಿದರೆ ಆ ದಿನ ಅಲ್ಲಿಗೆ ಹೋಗಿರುತ್ತೇನೆ ಎಂದ. ಮೂಡಲಗಿರಿಯಪ್ಪನಿಗೆ ಅಷ್ಟು ಸಾಕಾಗಿತ್ತು.

ಕಾಲೋನಿಗೆ ಹೋಗಿ ಕರೆದಾಗ ಚಿಕ್ಕನರಸಯ್ಯ ತಕ್ಷಣ ಒಪ್ಪಲಿಲ್ಲ. ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು ಮಡಚದ ಕೈಯನ್ನು ಇನ್ನೊಂದು ಕೈಯಿಂದ ತಿಕ್ಕುತ್ತಿದ್ದ.

“ಅವತ್ತು ನಾನು ಬರ್ಲಿಲ್ಲ ಗಿರಿಯಪ್ಪ. ನೀನು ಹೊತ್ಕಂಡು ಹೋದೆ. ಪ್ರಾಣ ಹೋಗೋವಾಗ ಒಳಕ್ಕೆ ಕರ್ಕಂಡಿದ್ದು ಒಂದು ಲೆಕ್ಕ. ಸುಮ್ನಿರುವಾಗ ಕರೆಯೋದು ಇನ್ನೊಂದು ಲೆಕ್ಕ.”

“ಅದ್ಕೇ ಕರೆಯಾಕೆ ಬಂದಿವ್ನಿ” ಎಂದ ಮೂಡಲಗಿರಿಯಪ್ಪ.

ಮಂಜಮ್ಮ ಅಂಗನವಾಡಿಯಿಂದ ಆಗಷ್ಟೇ ಬಂದಿದ್ದಳು, ಚೀಲವನ್ನು ಇನ್ನೂ ಹೆಗಲಿಂದ ಇಳಿಸಿರಲಿಲ್ಲ. ಗಂಡ ಅವಳ ಮುಖ ನೋಡಿದ. ಅವಳು ಯೋಚಿಸಿ, “ಮೊದ್ಲು ನೀವೂ ಜುಂಜಕ್ಕನೂ ನಮ್ಮನೇಲಿ ಉಣ್ಣಿ. ಆಮೇಲೆ ನಾವು ಬತ್ತೀವಿ” ಎಂದಳು.

ಇದನ್ನು ಮೂಡಲಗಿರಿಯಪ್ಪ ಎಣಿಸಿರಲಿಲ್ಲ. ಕರೆದು ಉಣಿಸುವುದನ್ನೇ ದೊಡ್ಡ ಕೆಲಸ ಎಂದುಕೊಂಡು ಬಂದಿದ್ದ. ಕಾಲೋನಿಯಲ್ಲಿ ಉಣ್ಣುವುದು ಅವನಪ್ಪನಾಗಲಿ ಅಜ್ಜನಾಗಲಿ ಮಾಡದ್ದು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದ. ಮನೆಗೆ ಬಂದು ಹೇಳಿದಾಗ ಜುಂಜಮ್ಮ, ಅವಳು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಭಾನುವಾರಕ್ಕೆ ಬರುತ್ತೇವೆಂದು ಚಿಕ್ಕರಾಜುವಿನ ಕೈಯಲ್ಲಿ ಹೇಳಿ ಕಳಿಸಿದಳು.

ಭಾನುವಾರ ಹಗಲು ಹೊತ್ತಿನಲ್ಲೇ, ಗೋಮಾಳ ದಾಟಿ, ಇಬ್ಬರೂ ನಡೆದು ಹೋದರು. ಕಾಲೋನಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಮಂಜಮ್ಮ ಕೋಳಿ ಸಾರು, ಮುದ್ದೆ ಮಾಡಿದ್ದಳು. ಮೊದಲ ತುತ್ತು ಮುರಿಯುವಾಗ ಮೂಡಲಗಿರಿಯಪ್ಪನ ಕೈ ಒಂದು ಗಳಿಗೆ ನಿಂತಿತು. ಅದನ್ನು ಎಲ್ಲರೂ ಗಮನಿಸಿದರು, ಯಾರೂ ಗಮನಿಸಿದಂತೆ ತೋರಿಸಲಿಲ್ಲ. ಅವನು ತುತ್ತು ಸಾರಿಗೆ ಅದ್ದಿ ನುಂಗಿದ. ಖಾರ ಜಾಸ್ತಿಯಾಗಿದೆ ಎಂದಳು ಜುಂಜಮ್ಮ. ಗಂಡನಿಗೆ ಖಾರವೇ ಇಷ್ಟ, ಸೈನ್ಯದಲ್ಲಿ ಸಪ್ಪೆ ತಿಂದು ಸಾಕಾಗಿದೆಯಂತೆ ಎಂದಳು ಮಂಜಮ್ಮ. ಆಮೇಲೆ ಮಾತು ಮಕ್ಕಳ ಕಡೆಗೆ, ಮದುವೆಗಳ ಕಡೆಗೆ ಹೋಯಿತು. ಎರಡನೆಯ ಮುದ್ದೆಯನ್ನು ಮೂಡಲಗಿರಿಯಪ್ಪ ತಾನೇ ಕೇಳಿ ಹಾಕಿಸಿಕೊಂಡ.

ಮುಂದಿನ ಭಾನುವಾರ ಚಿಕ್ಕನರಸಯ್ಯನೂ ಮಂಜಮ್ಮನೂ ಹಟ್ಟಿಗೆ ಬಂದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕಲ್ಲುಕಂಬದ ಹತ್ತಿರ ಮೂಡಲಗಿರಿಯಪ್ಪ ಕಾದಿದ್ದ. ಎಲ್ಲರೂ ಬಿಡುವ ಜಾಗದಲ್ಲಿ ಅವರೂ ಚಪ್ಪಲಿ ಬಿಟ್ಟು ಒಳಗೆ ನಡೆದರು. ಎರಡು ಮನೆಯವರು ಬಾಗಿಲು ಮುಚ್ಚಿಕೊಂಡಿದ್ದರು. ಒಬ್ಬ ಮುದುಕಿ ಮಂಜಮ್ಮನನ್ನು ನಿಲ್ಲಿಸಿ, ಕರಡಿ ಹಿಡಿದದ್ದು ನಿನ್ನ ಗಂಡನನ್ನೇನಾ ಎಂದು ವಿಚಾರಿಸಿ ಅವನ ತಲೆ ಬಗ್ಗಿಸಿ ಗಾಯದ ಗುರುತು ನೋಡಿದಳು. ಅಡವಯ್ಯ ಹಿರಿಯೂರಿಗೆ ಹೋಗಿದ್ದ. ಅವರು ಹೋದ ಮೇಲೆ ಯಾರಾದರೂ ಗಂಜಲ ಹಾಕಿದರೋ ಇಲ್ಲವೋ ಮೂಡಲಗಿರಿಯಪ್ಪ ನೋಡಲು ಹೋಗಲಿಲ್ಲ. ಮುಚ್ಚಿದ ಬಾಗಿಲಿನ ಆ ಎರಡು ಮನೆಯವರು ಈಗಲೂ ಅವನನ್ನು ಶುಭಕಾರ್ಯಕ್ಕೆ ಕರೆಯುವುದಿಲ್ಲ. ಅವನಿಗೆ ಅದರ ಬೇಸರ ಇದೆ.

ಊಟವಾದ ಮೇಲೆ ಬಿಸಿಲು ತಗ್ಗುವ ತನಕ ಮಂಚದ ಮೇಲೆ ಒರಗಿದ್ದು ಗಂಡಸರಿಬ್ಬರೂ ಮೈದಾನಕ್ಕೆ ಹೋದರು. ಗುಡ್ಡದ ಬುಡದ ಕುಳಿಯನ್ನು ಕರಡಿಗೇ ಬಿಡುವುದೆಂದು ತೀರ್ಮಾನಿಸಿ, ಬಾವುಟ ಕಿತ್ತು ಮಣ್ಣು ಮುಚ್ಚಿದರು. ಚಿಕ್ಕನರಸಯ್ಯನ ಎಡಗೈ ಮಡಚುತ್ತಿರಲಿಲ್ಲವಾದ್ದರಿಂದ ಅವನ ಹೊಡೆತಗಳೆಲ್ಲ ಗಿಡ್ಡವಾಗಿ ನೆಲ ಸವರಿಕೊಂಡು ಹೋಗುತ್ತಿದ್ದವು. ಮೂಡಲಗಿರಿಯಪ್ಪ ಮೂರು ಕುಳಿಗಳಲ್ಲಿ ಸತತ ಗೆದ್ದ. ತಾನಿಲ್ಲದಾಗ ಒಬ್ಬನೇ ಕಳ್ಳ ಅಭ್ಯಾಸ ಮಾಡಿದ್ದೀಯ ಎಂದು ಚಿಕ್ಕನರಸಯ್ಯ ಜಗಳ ತೆಗೆದ. ಹೌದು ಎಂದು ಒಪ್ಪಿಕೊಂಡು ಮೂಡಲಗಿರಿಯಪ್ಪ ಮುಂದಿನ ಕುಳಿಯ ಕಡೆ ನಡೆದ. ಅಷ್ಟರಲ್ಲಿ ಕುರಿಗಳು ಅಡ್ಡ ಬಂದವು. ಇಬ್ಬರೂ ಕೋಲು ಊರಿ, ಅವು ದಾಟಲೆಂದು ನಿಂತರು.